ವಿಎಂ ಕನ್ಸೋಲ್‌ಗೆ ಯಾವ ಕ್ಲೈಂಟ್? ಮೊದಲು ಹೈಪರ್‌ವೈಸರ್ ಯಾವುದು ನೋಡಿ

ರೆಮ್ಮಿನಾ ಹಾಕಿಕೊಳ್ಳಲಾ, ವರ್ಟ್-ವ್ಯೂವರ್ ಹಾಕಿಕೊಳ್ಳಲಾ, ಇಲ್ಲಾ ವಿಂಡೋಸ್ ಜೊತೆಗೇ ಬರುವ ರಿಮೋಟ್ ಡೆಸ್ಕ್‌ಟಾಪ್ ಸಾಕಾ? ವರ್ಚುವಲ್ ಮಷೀನ್ (ವಿಎಂ, ಅಂದರೆ ಒಂದು ಕಂಪ್ಯೂಟರ್ ಒಳಗೆ ಓಡುವ ಇನ್ನೊಂದು ಕಂಪ್ಯೂಟರ್) ಜೊತೆ ಕೆಲಸ ಶುರು ಮಾಡಿದವರು ಹೀಗೆ ಕೇಳುತ್ತಲೇ ಇರುತ್ತಾರೆ. ನಾನು ತಿರುಗಿ ಕೇಳುತ್ತೇನೆ: ವಿಎಂ ಯಾವುದರ ಮೇಲೆ ಓಡುತ್ತಿದೆ? ಮೈಕ್ರೋಸಾಫ್ಟ್‌ನ ಹೈಪರ್-ವಿ ಮೇಲಾ, ಲಿನಕ್ಸ್‌ನ ಕೆವಿಎಂ ಮೇಲಾ, ವರ್ಚುವಲ್‌ಬಾಕ್ಸ್ ಮೇಲಾ? ವಿಎಂ ಓಡಿಸುವ ತಂತ್ರಾಂಶ, ಅಂದರೆ ಹೈಪರ್‌ವೈಸರ್ ಯಾವುದು ಅಂತ ಗೊತ್ತಾದರೆ, ಅದರ ಪರದೆಯನ್ನು ನಿಮಗೆ ಕಳಿಸುವ ಪದ್ಧತಿ, ಅಂದರೆ ಪ್ರೊಟೊಕಾಲ್ ಗೊತ್ತಾಗುತ್ತದೆ. ಪ್ರೊಟೊಕಾಲ್ ಗೊತ್ತಾದರೆ ಕ್ಲೈಂಟ್‌ಗಳ, ಅಂದರೆ ಆ ಪರದೆ ತೋರಿಸುವ ರೆಮ್ಮಿನಾದಂಥ ಪ್ರೋಗ್ರಾಂಗಳ ಪಟ್ಟಿ ಎರಡು ಮೂರಕ್ಕೆ ಇಳಿಯುತ್ತದೆ. ಆಮೇಲೆ ಉಳಿಯುವುದು ಕೀಬೋರ್ಡ್, ಕ್ಲಿಪ್‌ಬೋರ್ಡ್, ಇಂಟರ್ನೆಟ್ ವೇಗದಂಥ ಸಣ್ಣಪುಟ್ಟ ವಿಷಯ. ದಿನಾ ಕಾಟ ಕೊಡುವುದು ಮಾತ್ರ ಅವೇ.

ಬೇಕಿರುವುದು ಕನ್ಸೋಲಾ, ಡೆಸ್ಕ್‌ಟಾಪಾ?

ವಿಂಡೋಸ್ ವಿಎಂ ಒಳಗೆ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ ಅದರ ಐಪಿಗೆ ಕನೆಕ್ಟ್ ಆದಾಗ, ನಿಮಗೆ ಉತ್ತರ ಕೊಡುತ್ತಿರುವುದು ಒಳಗಿನ ಆಪರೇಟಿಂಗ್ ಸಿಸ್ಟಂ. ಅದು ಬೂಟ್ ಆಗಿರಬೇಕು. ನೆಟ್‌ವರ್ಕ್ ಸರಿ ಇರಬೇಕು. ಫೈರ್‌ವಾಲ್ ಒಳಗೆ ಬಿಡಬೇಕು. ಇದರಲ್ಲಿ ಒಂದು ಕೈಕೊಟ್ಟರೂ ಮುಗಿಯಿತು.

ಕನ್ಸೋಲ್‌ನಲ್ಲಿ ಚಿತ್ರ ಬರುವುದು ಹೈಪರ್‌ವೈಸರ್‌ನಿಂದ. ವಿಎಂಗೆ ಐಪಿಯೇ ಸಿಕ್ಕಿಲ್ಲದಿದ್ದರೂ ಪರವಾಗಿಲ್ಲ. ಬಯೋಸ್ ಪರದೆ, ಲಿನಕ್ಸ್ ಶುರುವಾಗುವ ಮುಂಚಿನ ಗ್ರಬ್ ಮೆನು, ಇನ್‌ಸ್ಟಾಲರ್, ವಿಂಡೋಸ್‌ನ ನೀಲಿ ಪರದೆ ಎಲ್ಲವೂ ಕಾಣುತ್ತವೆ. ದೂರದಿಂದ ಕಮಾಂಡ್ ಕೊಡಲು ಬಳಸುವ ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ತೆರೆಯದೆ ಫೈರ್‌ವಾಲ್ ಆನ್ ಮಾಡಿ ಹೊರಗುಳಿದವರಿಗೆ, ಡಿಸ್ಕ್‌ಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ತಪ್ಪಿ ಸರ್ವರ್ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತಾಗ, ಇದೊಂದೇ ದಾರಿ.

ಹಾಗಂತ ಇಡೀ ದಿನ ಕನ್ಸೋಲ್‌ನಲ್ಲೇ ಕೂತು ಕೆಲಸ ಮಾಡುವುದು ಸುಮ್ನೆ ಒದ್ದಾಟ. ಸ್ಕ್ರೋಲ್ ತಡವರಿಸುತ್ತದೆ, ಕಾಪಿ-ಪೇಸ್ಟ್ ಕೈಕೊಡುತ್ತದೆ, ಎಷ್ಟೋ ಕಡೆ ಧ್ವನಿಯೂ ಬರುವುದಿಲ್ಲ. ದಿನದ ಕೆಲಸಕ್ಕೆ ವಿಂಡೋಸ್ ವಿಎಂ ಆದರೆ ಒಳಗಿನ ಆರ್‌ಡಿಪಿ (ರಿಮೋಟ್ ಡೆಸ್ಕ್‌ಟಾಪ್), ಲಿನಕ್ಸ್ ಆದರೆ ಎಸ್‌ಎಸ್‌ಎಚ್. ಇನ್‌ಸ್ಟಾಲ್ ಮಾಡಲು ಮತ್ತು ಕೆಟ್ಟಾಗ ರಿಪೇರಿಗೆ ಕನ್ಸೋಲ್. ನನ್ನ ಲೆಕ್ಕ ಇಷ್ಟೇ. ಇದಕ್ಕೆ ಹೊರತಾದದ್ದು ಒಂದಿದೆ, ಹೈಪರ್-ವಿ. ಅದಕ್ಕೆ ಈಗಲೇ ಬರುತ್ತೇನೆ.

ಮೂರು ಪ್ರೊಟೊಕಾಲ್

ವಿಎನ್‌ಸಿ, ಸ್ಪೈಸ್, ಆರ್‌ಡಿಪಿ. ಕನ್ಸೋಲ್ ಲೋಕದಲ್ಲಿ ಜಾಸ್ತಿ ಸಿಗುವುದು ಈ ಮೂರೇ.

ವಿಎನ್‌ಸಿ ಹುಟ್ಟಿದ್ದು 1990ರ ದಶಕದಲ್ಲಿ, ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಒಂದು ಸಂಶೋಧನಾ ಲ್ಯಾಬ್‌ನಲ್ಲಿ. ಅದು ಮಾಡುವ ಕೆಲಸ ಸರಳ: ಪರದೆಯಲ್ಲಿ ಯಾವ ಭಾಗ ಬದಲಾಯಿತೋ ಆ ಭಾಗದ ಚಿತ್ರ ಕಳಿಸು, ಅಷ್ಟೇ. ಸರಳ ಆಗಿರುವುದರಿಂದಲೇ ಅದು ಎಲ್ಲ ಕಡೆ ಇದೆ. ಕೆವಿಎಂ ಜೊತೆ ಸೇರಿ ವಿಎಂ ಓಡಿಸುವ ಕ್ಯೂಇಎಂಯು ಒಳಗೇ ವಿಎನ್‌ಸಿ ಸರ್ವರ್ ಇದೆ. ಮೊದಲ ವಿಎಂ 5900ನೇ ಪೋರ್ಟ್‌ನಲ್ಲಿ ಸಿಕ್ಕರೆ ಮುಂದಿನದು 5901ರಲ್ಲಿ, ಹೀಗೆ ಸಾಗುತ್ತದೆ. ಧ್ವನಿ, ಪ್ರಿಂಟರ್, ಯುಎಸ್‌ಬಿ ಅಂತೆಲ್ಲ ಅದರ ಹತ್ತಿರ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಇನ್ನೊಂದು ವಿಷಯ: ವಿಎನ್‌ಸಿಯ ಹಳೆಯ ಪಾಸ್‌ವರ್ಡ್ ಪದ್ಧತಿಯಲ್ಲಿ ಮೊದಲ 8 ಅಕ್ಷರ ಮಾತ್ರ ಲೆಕ್ಕಕ್ಕೆ. ನೀವು 20 ಅಕ್ಷರದ ಗಟ್ಟಿ ಪಾಸ್‌ವರ್ಡ್ ಕೊಟ್ಟು ನೆಮ್ಮದಿಯಾಗಿ ಮಲಗಿದರೂ ಅದು ನೋಡುವುದು ಎಂಟನ್ನೇ.

ಸ್ಪೈಸ್ ಮಾಡಿದ್ದು ಕೆವಿಎಂ ಮಾಡಿದ ಕಂಪನಿಯೇ, ಕ್ಯೂಮ್ರಾನೆಟ್. ಅದನ್ನು 2008ರಲ್ಲಿ ರೆಡ್ ಹ್ಯಾಟ್ ಕೊಂಡಿತು, 2009ರಲ್ಲಿ ಸ್ಪೈಸ್‌ನ ಕೋಡ್ ಎಲ್ಲರಿಗೂ ತೆರೆಯಿತು. ವಿಎಂಗಳಿಗೆಂದೇ ಮಾಡಿದ್ದು, ಹಾಗಾಗಿ ಧ್ವನಿ ಬರುತ್ತದೆ, ನಿಮ್ಮ ಲ್ಯಾಪ್‌ಟಾಪ್‌ಗೆ ಚುಚ್ಚಿದ ಪೆನ್‌ಡ್ರೈವ್ ವಿಎಂ ಒಳಗೆ ಕಾಣುವಂತೆ ಮಾಡಬಹುದು. ಗೆಸ್ಟ್ ಒಳಗೆ, ಅಂದರೆ ವಿಎಂನಲ್ಲಿರುವ ಆಪರೇಟಿಂಗ್ ಸಿಸ್ಟಂನಲ್ಲಿ, ಸ್ಪೈಸ್ ಏಜೆಂಟ್ ಅನ್ನುವ ಪ್ರೋಗ್ರಾಂ ಹಾಕಿದರೆ ಕಾಪಿ-ಪೇಸ್ಟ್ ನಡೆಯುತ್ತದೆ, ಕಿಟಕಿ ಎಳೆದಂತೆ ಪರದೆಯ ಅಳತೆಯೂ ಬದಲಾಗುತ್ತದೆ. ಬೇಜಾರಿನ ಸಂಗತಿ ಏನೆಂದರೆ, ಸಾಕಿದ ರೆಡ್ ಹ್ಯಾಟೇ ಅದನ್ನು ಕೈಬಿಟ್ಟಿದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ ಸ್ಪೈಸ್ ಇಲ್ಲ, ವಿಎನ್‌ಸಿಯೇ ಗತಿ. ಡೆಬಿಯನ್, ಉಬುಂಟು, ಕೆವಿಎಂ ಬಳಸುವ ಪ್ರಾಕ್ಸ್‌ಮಾಕ್ಸ್‌ಗಳಲ್ಲಿ ಇನ್ನೂ ಚೆನ್ನಾಗಿಯೇ ಓಡುತ್ತಿದೆ.

ಆರ್‌ಡಿಪಿ ಮೈಕ್ರೋಸಾಫ್ಟ್‌ನದ್ದು, 3389ನೇ ಪೋರ್ಟ್. ಎಲ್ಲರಿಗೂ ಗೊತ್ತು. ಕನ್ಸೋಲ್ ವಿಷಯದಲ್ಲಿ ಅದು ಎರಡು ಕಡೆ ಬೇರೆ ವೇಷದಲ್ಲಿ ಬರುತ್ತದೆ: ಹೈಪರ್-ವಿ ಮತ್ತು ವರ್ಚುವಲ್‌ಬಾಕ್ಸ್.

ಹೈಪರ್-ವಿ

ಇಲ್ಲಿ ಮೊದಲ ಆಯ್ಕೆ ಹೈಪರ್-ವಿ ಮ್ಯಾನೇಜರ್ ಜೊತೆ ಬರುವ ವಿಎಂಕನೆಕ್ಟ್. ಅದು ಹೋಸ್ಟ್‌ನ (ವಿಎಂಗಳನ್ನು ಓಡಿಸುವ ಕಂಪ್ಯೂಟರಿನ) 2179ನೇ ಪೋರ್ಟ್‌ಗೆ ಹೋಗುತ್ತದೆ, ವಿಎಂಗೆ ಅಲ್ಲ. ಬೇರೆ ಕಂಪ್ಯೂಟರ್‌ನಿಂದ ಕನ್ಸೋಲ್ ತೆರೆಯುತ್ತಿಲ್ಲ ಅಂದರೆ ಮೊದಲು ನೋಡಬೇಕಾದದ್ದು ಈ ಪೋರ್ಟನ್ನು.

ವಿಎಂಕನೆಕ್ಟ್‌ನಲ್ಲಿ ಎರಡು ಅವತಾರ ಇವೆ. ಬೇಸಿಕ್ ಸೆಷನ್ ಅಂದರೆ ಪರದೆ, ಕೀಬೋರ್ಡ್, ಮೌಸ್ ಅಷ್ಟೇ. ಎನ್‌ಹ್ಯಾನ್ಸ್‌ಡ್ ಸೆಷನ್ ಅಂದರೆ ಪೂರ್ತಿ ಆರ್‌ಡಿಪಿ: ಕ್ಲಿಪ್‌ಬೋರ್ಡ್, ಧ್ವನಿ, ಪ್ರಿಂಟರ್, ನಿಮ್ಮ ಡ್ರೈವ್‌ಗಳು, ಎಲ್ಲ. ಮಜಾ ಏನೆಂದರೆ ಇದು ವಿಎಂನ ನೆಟ್‌ವರ್ಕ್ ಬಳಸುವುದೇ ಇಲ್ಲ, ಹೋಸ್ಟ್ ಮತ್ತು ಗೆಸ್ಟ್ ನಡುವಿನ ವಿಎಂಬಸ್ ಮೂಲಕ ಹೋಗುತ್ತದೆ. ನೆಟ್‌ವರ್ಕ್ ಕಾರ್ಡ್ ಕಿತ್ತುಹಾಕಿದ ವಿಎಂನಲ್ಲೂ ಕಾಪಿ-ಪೇಸ್ಟ್ ಮಾಡಬಹುದು. ನಾನು ಹೊರತು ಅಂದದ್ದು ಇದಕ್ಕೇ. ದಿನದ ಕೆಲಸಕ್ಕೂ ಆಗುವಂಥ ಕನ್ಸೋಲ್ ಇದು. ವಿಂಡೋಸ್ 10 ಮತ್ತು 11ರ ಹೈಪರ್-ವಿಯಲ್ಲಿ ಮೊದಲೇ ಆನ್ ಇರುತ್ತದೆ, ವಿಂಡೋಸ್ ಸರ್ವರ್‌ನಲ್ಲಿ ಹೋಸ್ಟ್ ಸೆಟ್ಟಿಂಗ್‌ಗೆ ಹೋಗಿ ಆನ್ ಮಾಡಬೇಕು. ಗೆಸ್ಟ್ ವಿಂಡೋಸ್ ಹೋಮ್ ಆಗಿದ್ದರೆ ಆಗುವುದಿಲ್ಲ, ಪ್ರೊ ಬೇಕು.

ಒಂದು ತಲೆನೋವು ಹೇಳಿಬಿಡುತ್ತೇನೆ. ವಿಂಡೋಸ್ 11 ಗೆಸ್ಟ್‌ನಲ್ಲಿ ಎನ್‌ಹ್ಯಾನ್ಸ್‌ಡ್ ಸೆಷನ್ ತೆರೆದರೆ ಕೆಲವೊಮ್ಮೆ ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಹಾಕುವ ಜಾಗವೇ ಇರುವುದಿಲ್ಲ. ವಿಎಂ ಕೆಟ್ಟಿತು ಅಂತ ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡಬೇಡಿ. ವ್ಯೂ ಮೆನುವಿನಿಂದ ಬೇಸಿಕ್‌ಗೆ ಬನ್ನಿ, ಪಿನ್ ಹಾಕಿ ಒಳಗೆ ಹೋಗಿ. ಸೈನ್-ಇನ್ ಆಯ್ಕೆಗಳಲ್ಲಿ 'ವಿಂಡೋಸ್ ಹಲೋ ಮಾತ್ರ' ಅನ್ನುವ ಸ್ವಿಚ್ ಆಫ್ ಮಾಡಿ, ಲಾಗೌಟ್ ಆಗಿ. ಈಗ ಎನ್‌ಹ್ಯಾನ್ಸ್‌ಡ್‌ನಲ್ಲಿ ಪಾಸ್‌ವರ್ಡ್ ಕೇಳುತ್ತದೆ.

ಲಿನಕ್ಸ್ ಲ್ಯಾಪ್‌ಟಾಪ್‌ನಿಂದ ಹೈಪರ್-ವಿ ಕನ್ಸೋಲ್ ಬೇಕಾದರೆ? ಫ್ರೀಆರ್‌ಡಿಪಿ ಅನ್ನುವ ಕ್ಲೈಂಟ್‌ಗೆ ವಿಎಂಕನೆಕ್ಟ್ ಅನ್ನುವ ಆಯ್ಕೆಯೇ ಇದೆ. ಹೋಸ್ಟ್ ಹೆಸರಿನ ಜೊತೆಗೆ ವಿಎಂನ ಐಡಿ ಕೊಡಬೇಕು. ಆ ಐಡಿ ಉದ್ದದ್ದು, ಪವರ್‌ಶೆಲ್‌ನಲ್ಲಿ ವಿಎಂಗಳ ಪಟ್ಟಿ ತೆಗೆದು ಅಲ್ಲಿಂದ ಕಾಪಿ ಮಾಡಿಕೊಳ್ಳಿ. ಬಳಸುವವರು ಹೋಸ್ಟ್‌ನಲ್ಲಿ ಹೈಪರ್-ವಿ ಅಡ್ಮಿನಿಸ್ಟ್ರೇಟರ್ಸ್ ಗುಂಪಿನಲ್ಲಿರಬೇಕು, ಇಲ್ಲವೇ ಆ ಒಂದು ವಿಎಂಗೆ ಅವರಿಗೆ ಅನುಮತಿ ಕೊಟ್ಟಿರಬೇಕು.

ಕೆವಿಎಂ ಮತ್ತು ಪ್ರಾಕ್ಸ್‌ಮಾಕ್ಸ್

ಲಿನಕ್ಸ್ ಸರ್ವರ್‌ನಲ್ಲಿ ಲಿಬ್‌ವರ್ಟ್ (ವಿಎಂಗಳನ್ನು ನಿರ್ವಹಿಸುವ ತಂತ್ರಾಂಶ) ಹಾಕಿ ಓಡಿಸುತ್ತಿದ್ದರೆ ವರ್ಟ್-ವ್ಯೂವರ್ ಬಿಟ್ಟು ಬೇರೆ ಹುಡುಕಬೇಡಿ. ಕಾರಣ ಒಂದೇ, ಅದು ಎಸ್‌ಎಸ್‌ಎಚ್ ಟನಲ್, ಅಂದರೆ ಎಸ್‌ಎಸ್‌ಎಚ್ ಒಳಗಿಂದ ಸಾಗುವ ಸುರಕ್ಷಿತ ದಾರಿ, ತಾನೇ ಮಾಡಿಕೊಳ್ಳುತ್ತದೆ. ಲಿಬ್‌ವರ್ಟ್ ಸಾಮಾನ್ಯವಾಗಿ ವಿಎನ್‌ಸಿ, ಸ್ಪೈಸ್ ಎರಡನ್ನೂ ಹೋಸ್ಟ್‌ನ 127.0.0.1ರಲ್ಲಿ ಮಾತ್ರ ತೆರೆದಿಡುತ್ತದೆ. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ, ಅದು ಒಳ್ಳೇದೇ. ವರ್ಟ್-ವ್ಯೂವರ್‌ಗೆ ಎಸ್‌ಎಸ್‌ಎಚ್ ವಿಳಾಸ ಮತ್ತು ವಿಎಂ ಹೆಸರು ಕೊಟ್ಟರೆ ಸಾಕು. ಪ್ರೊಟೊಕಾಲ್ ಯಾವುದು, ಪೋರ್ಟ್ ಎಷ್ಟು ಅಂತ ತಾನೇ ಕೇಳಿ ತಿಳಿದು, ಟನಲ್ ಹಾಕಿ, ಪರದೆ ತೋರಿಸುತ್ತದೆ. ಇದೇ ಕೆಲಸ ಟೈಗರ್‌ವಿಎನ್‌ಸಿಯಲ್ಲಿ ಮಾಡಲು ಹೊರಟರೆ ಮೊದಲು ಲಿಬ್‌ವರ್ಟ್‌ನ ಕಮಾಂಡ್ ಆದ ವರ್ಶ್‌ನಿಂದ ಪೋರ್ಟ್ ಕೇಳಬೇಕು, ಆಮೇಲೆ ಇನ್ನೊಂದು ಟರ್ಮಿನಲ್‌ನಲ್ಲಿ ಟನಲ್ ಹಾಕಬೇಕು, ಆಮೇಲೆ ಲೋಕಲ್‌ಹೋಸ್ಟ್‌ಗೆ ಕನೆಕ್ಟ್ ಆಗಬೇಕು. ಆಗುತ್ತದೆ, ಆದರೆ ಯಾಕೆ?

ವರ್ಟ್-ಮ್ಯಾನೇಜರ್ ಬಳಸುವವರಿಗೆ ಕನ್ಸೋಲ್ ಅದರೊಳಗೇ ಇದೆ. ವಿಎಂ ಸೃಷ್ಟಿಸುವುದು, ಡಿಸ್ಕ್ ಸೇರಿಸುವುದು ಕೂಡ ಮಾಡಬೇಕಾದರೆ ಅದು. ಬರೀ ನೋಡಬೇಕಾದರೆ ವರ್ಟ್-ವ್ಯೂವರ್ ಹಗುರ.

ಪ್ರಾಕ್ಸ್‌ಮಾಕ್ಸ್‌ನಲ್ಲಿ ಮೂರು ಬಾಗಿಲು. ನೋವಿಎನ್‌ಸಿ ಬ್ರೌಸರ್‌ನಲ್ಲೇ ತೆರೆಯುತ್ತದೆ, 8006ನೇ ಪೋರ್ಟ್ ಒಂದಿದ್ದರೆ ಸಾಕು, ಏನೂ ಇನ್‌ಸ್ಟಾಲ್ ಮಾಡುವುದು ಬೇಡ. ಸ್ಪೈಸ್ ಆರಿಸಿದರೆ ಒಂದು ಸಣ್ಣ ಫೈಲ್ ಡೌನ್‌ಲೋಡ್ ಆಗುತ್ತದೆ, ಅದನ್ನು ವರ್ಟ್-ವ್ಯೂವರ್ ಜೊತೆಗೇ ಬರುವ ರಿಮೋಟ್-ವ್ಯೂವರ್‌ನಲ್ಲಿ ತೆರೆಯಬೇಕು. ಆ ಫೈಲನ್ನು ಕಾಪಿ ಮಾಡಿ ಇಟ್ಟುಕೊಂಡು ನಾಳೆ ಬಳಸೋಣ ಅಂದರೆ ಆಗುವುದಿಲ್ಲ. ಒಳಗಿನ ಟಿಕೆಟ್ ಸ್ವಲ್ಪ ಹೊತ್ತಿಗೆಲ್ಲ ಸಾಯುತ್ತದೆ, ತೆರೆದ ಮೇಲೆ ಫೈಲೂ ತಾನಾಗಿ ಅಳಿದುಹೋಗುತ್ತದೆ. ಮತ್ತೆ ಬೇಕಾದರೆ ಮತ್ತೆ ಕ್ಲಿಕ್. ಸ್ಪೈಸ್‌ಗೆ 3128ನೇ ಪೋರ್ಟ್ ಕೂಡ ತೆರೆದಿರಬೇಕು. ಬಾಗಿಲು ಸಿಕ್ಕಿತು, ಒಳಗೆ ಕತ್ತಲೆ ಅನ್ನುವವರು ಹೆಚ್ಚಾಗಿ ಇದನ್ನೇ ಮರೆತಿರುತ್ತಾರೆ. ಮೂರನೆಯದು ಸೀರಿಯಲ್, ಅಂದರೆ ಬರೀ ಅಕ್ಷರದ ಕನ್ಸೋಲ್, ಎಕ್ಸ್‌ಟರ್ಮ್.ಜೆಎಸ್ ಮೂಲಕ. ಅದು ಕೊನೆಗೆ.

ನನ್ನ ಆಯ್ಕೆ: ಸರ್ವರ್ ವಿಎಂಗೆ ನೋವಿಎನ್‌ಸಿ, ಡೆಸ್ಕ್‌ಟಾಪ್ ಇರುವ ವಿಎಂಗೆ ಸ್ಪೈಸ್. ಆದರೆ ನೋವಿಎನ್‌ಸಿ ಬ್ರೌಸರ್ ಟ್ಯಾಬ್ ಅನ್ನುವುದು ನೆನಪಿರಲಿ. ಟರ್ಮಿನಲ್‌ನಲ್ಲಿ ಒಂದು ಪದ ಅಳಿಸೋಣ ಅಂತ ಅಭ್ಯಾಸಬಲದಿಂದ ಕಂಟ್ರೋಲ್-ಡಬ್ಲ್ಯು ಒತ್ತಿದರೆ ಟ್ಯಾಬೇ ಮುಚ್ಚಿಹೋಗುತ್ತದೆ!

ವರ್ಚುವಲ್‌ಬಾಕ್ಸ್, ವಿಎಂವೇರ್, ಕ್ಲೌಡ್

ವರ್ಚುವಲ್‌ಬಾಕ್ಸ್‌ನಲ್ಲಿ ಎಕ್ಸ್‌ಟೆನ್ಷನ್ ಪ್ಯಾಕ್ ಹಾಕಿದರೆ ಹೈಪರ್‌ವೈಸರ್ರೇ ಆರ್‌ಡಿಪಿ ಮಾತಾಡುತ್ತದೆ. ಗೆಸ್ಟ್ ಒಳಗೆ ಹಳೇ ಡಾಸ್ ಇದ್ದರೂ ವಿಂಡೋಸ್‌ನ ಮಾಮೂಲಿ ರಿಮೋಟ್ ಡೆಸ್ಕ್‌ಟಾಪ್‌ನಿಂದ ನೋಡಬಹುದು. ಸೇರಬೇಕಾದದ್ದು ಹೋಸ್ಟ್‌ನ ಐಪಿಗೆ, ಗೆಸ್ಟ್‌ನ ಐಪಿಗಲ್ಲ. ಹೋಸ್ಟ್ ವಿಂಡೋಸ್ ಆಗಿದ್ದು ಅದರದ್ದೇ ಆರ್‌ಡಿಪಿ ಆನ್ ಇದ್ದರೆ 3389ಕ್ಕೆ ಜಗಳ ಬೀಳುತ್ತದೆ, ವಿಎಂಗೆ 5000ದಂಥ ಬೇರೆ ಪೋರ್ಟ್ ಕೊಡಿ. ಎರಡು ಎಚ್ಚರಿಕೆ: ಎಕ್ಸ್‌ಟೆನ್ಷನ್ ಪ್ಯಾಕ್ ಸ್ವಂತ ಬಳಕೆಗೆ ಉಚಿತ, ಕಂಪನಿ ಕೆಲಸಕ್ಕೆ ಲೈಸೆನ್ಸ್ ಬೇಕು. ಮತ್ತೆ, ನೀವು ಬದಲಿಸದಿದ್ದರೆ ಅದರ ಲಾಗಿನ್ ಪದ್ಧತಿ 'ನಲ್', ಅಂದರೆ ಪಾಸ್‌ವರ್ಡ್ ಕೇಳುವುದೇ ಇಲ್ಲ. ಮನೆ ನೆಟ್‌ವರ್ಕ್‌ನಲ್ಲಿ ಸರಿ, ಹಾಸ್ಟೆಲ್ ವೈ-ಫೈಯಲ್ಲಿ ಬೇಡ.

ವಿಎಂವೇರ್‌ನ ಹೈಪರ್‌ವೈಸರ್ ಇಎಸ್‌ಎಕ್ಸ್‌ಐಗೆ ಬ್ರೌಸರ್ ಕನ್ಸೋಲ್ ಸಾಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಐಎಸ್‌ಒ ಫೈಲನ್ನು ವಿಎಂಗೆ ಸಿಡಿಯಾಗಿ ಕೊಡಬೇಕಾದರೆ ವಿಎಂವೇರ್ ರಿಮೋಟ್ ಕನ್ಸೋಲ್ ಹಾಕಿಕೊಳ್ಳಿ. ಸೆಟ್ಟಿಂಗ್‌ನಲ್ಲಿ ಒಂದು ಸಾಲು ಸೇರಿಸಿ ವಿಎನ್‌ಸಿಯಿಂದ ನೋಡಿ ಅಂತ ಹೇಳುವ ಹಳೆಯ ಬರಹಗಳು ಸಿಗುತ್ತವೆ. ಅದು ಈಗ ನಡೆಯುವುದಿಲ್ಲ, ಒಳಗಿದ್ದ ವಿಎನ್‌ಸಿ ಸರ್ವರನ್ನು 7.0ರಲ್ಲೇ ತೆಗೆದುಹಾಕಿದ್ದಾರೆ.

ಎಡಬ್ಲ್ಯುಎಸ್, ಅಜೂರ್, ಗೂಗಲ್ ಕ್ಲೌಡ್‌ಗಳಲ್ಲಿ ಆಯ್ಕೆಗೆ ಜಾಗವೇ ಕಡಿಮೆ. ಅವರು ಕೊಡುವುದು ಸೀರಿಯಲ್ ಕನ್ಸೋಲ್. ಎಡಬ್ಲ್ಯುಎಸ್‌ನಲ್ಲಿ ಲಿನಕ್ಸ್ ವಿಎಂಗೆ ಪಾಸ್‌ವರ್ಡ್ ಬದಲು ಎಸ್‌ಎಸ್‌ಎಚ್ ಕೀ ಹಾಕಿ ಒಳಗೆ ಹೋಗಿ ರೂಢಿ ಅಲ್ವಾ? ಸೀರಿಯಲ್ ಕನ್ಸೋಲ್‌ನಲ್ಲಿ ಆ ಕೀ ನಡೆಯುವುದಿಲ್ಲ, ಯಾವುದಾದರೂ ಒಂದು ಯೂಸರ್‌ಗೆ ಪಾಸ್‌ವರ್ಡ್ ಇಟ್ಟಿರಲೇಬೇಕು. ಸರ್ವರ್ ಚೆನ್ನಾಗಿರುವಾಗಲೇ ಇಟ್ಟಿರಿ, ಕೆಟ್ಟ ಮೇಲೆ ಇಡುವುದು ಕಷ್ಟ.

ಕ್ಲೈಂಟ್‌ಗಳ ಬಗ್ಗೆ ನಾಲ್ಕು ಮಾತು

ರೆಮ್ಮಿನಾ ಲಿನಕ್ಸ್‌ನಲ್ಲಿ ಎಲ್ಲದಕ್ಕೂ ಒಂದೇ ಕಿಟಕಿ: ಆರ್‌ಡಿಪಿ, ವಿಎನ್‌ಸಿ, ಎಸ್‌ಎಸ್‌ಎಚ್, ಸ್ಪೈಸ್. ಸ್ಪೈಸ್‌ಗೆ ಉಬುಂಟುನಲ್ಲಿ ಬೇರೆ ಪ್ಲಗಿನ್ ಪ್ಯಾಕೇಜ್ ಹಾಕಬೇಕು. ಹತ್ತಾರು ಸರ್ವರ್‌ಗಳ ಪಟ್ಟಿ ಇಟ್ಟುಕೊಳ್ಳುವವರಿಗೆ ಇದಕ್ಕಿಂತ ಸಲೀಸಾದದ್ದು ಕಡಿಮೆ. ಎಸ್‌ಎಸ್‌ಎಚ್ ಟನಲ್ ಹಾಕುವ ಜಾಗ ಅದರ ಸೆಟ್ಟಿಂಗ್‌ನಲ್ಲೇ ಇದೆ. ಆದರೆ ಪ್ರತಿ ವಿಎಂಗೂ ಪೋರ್ಟ್ ನೀವೇ ತುಂಬಬೇಕು, ವಿಎಂ ರೀಸ್ಟಾರ್ಟ್ ಆಗಿ ಪೋರ್ಟ್ ಬದಲಾದರೆ ಇನ್ನೊಂದು ವಿಎಂ ತೆರೆದುಕೊಂಡರೂ ಆಶ್ಚರ್ಯ ಇಲ್ಲ.

ಫ್ರೀಆರ್‌ಡಿಪಿ ಕಮಾಂಡ್ ಲೈನ್ ಪ್ರಿಯರಿಗೆ. ಟೈಗರ್‌ವಿಎನ್‌ಸಿ ಬರೀ ವಿಎನ್‌ಸಿಗೆ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಮ್ಯಾಕ್‌ನ ಸ್ಕ್ರೀನ್ ಶೇರಿಂಗ್ ಕೂಡ ವಿಎನ್‌ಸಿ ಬಲ್ಲದು, ಆದರೂ ಕ್ಯೂಇಎಂಯು ಜೊತೆ ಟೈಗರ್‌ವಿಎನ್‌ಸಿಯೇ ಕಿರಿಕಿರಿ ಕಡಿಮೆ. ಮ್ಯಾಕ್‌ನಲ್ಲಿದ್ದ ಮೈಕ್ರೋಸಾಫ್ಟ್ ರಿಮೋಟ್ ಡೆಸ್ಕ್‌ಟಾಪ್ ಎಲ್ಲಿ ಹೋಯಿತು ಅಂತ ಹುಡುಕುವವರಿಗೆ: 2024ರಿಂದ ಅದರ ಹೆಸರು ವಿಂಡೋಸ್ ಆ್ಯಪ್.

ಕಾಲೇಜು ಲ್ಯಾಬ್‌ನಂಥ ಜಾಗದಲ್ಲಿ ಹಲವರಿಗೆ ಕನ್ಸೋಲ್ ಕೊಡಬೇಕಾದರೆ ಅಪಾಚೆ ಗ್ವಾಕಮೋಲಿ ನೋಡಿ. ಒಂದು ಸರ್ವರ್‌ನಲ್ಲಿ ಅದನ್ನು ಹಾಕಿದರೆ ವಿದ್ಯಾರ್ಥಿಗಳಿಗೆ ಬ್ರೌಸರ್ ಸಾಕು. ವಿಎನ್‌ಸಿ, ಆರ್‌ಡಿಪಿ, ಎಸ್‌ಎಸ್‌ಎಚ್ ನಡೆಯುತ್ತವೆ, ಹೈಪರ್-ವಿಯ ವಿಎಂಕನೆಕ್ಟ್ ಕೂಡ. ಸ್ಪೈಸ್ ಮಾತ್ರ ಇಲ್ಲ.

ಕೀಬೋರ್ಡ್, ಮೌಸ್, ಮತ್ತು ಕನ್ನಡ

ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದರೆ ನಿಮ್ಮ ಕಂಪ್ಯೂಟರೇ ಅದನ್ನು ಹಿಡಿದುಬಿಡುತ್ತದೆ. ಆರ್‌ಡಿಪಿ ಮತ್ತು ವಿಎಂಕನೆಕ್ಟ್‌ನಲ್ಲಿ ಡಿಲೀಟ್ ಬದಲು ಎಂಡ್, ವಿಎಂವೇರ್‌ನಲ್ಲಿ ಇನ್ಸರ್ಟ್, ವರ್ಟ್-ವ್ಯೂವರ್‌ನಲ್ಲಿ 'ಸೆಂಡ್ ಕೀ' ಮೆನು, ನೋವಿಎನ್‌ಸಿಯಲ್ಲಿ ಪಕ್ಕದ ಪಟ್ಟಿಯ ಬಟನ್. ಮೌಸ್ ಒಳಗೆ ಸಿಕ್ಕಿಬಿದ್ದರೆ ವಿಎಂವೇರ್‌ನಲ್ಲಿ ಕಂಟ್ರೋಲ್-ಆಲ್ಟ್, ಹೈಪರ್-ವಿಯಲ್ಲಿ ಅದರ ಜೊತೆ ಎಡ ಬಾಣ. ಕೆವಿಎಂನಲ್ಲಿ ಎರಡು ಮೌಸ್ ಬಾಣ ಕಾಣುತ್ತಿದ್ದು ಒಂದು ಇನ್ನೊಂದರ ಹಿಂದೆ ಓಡುತ್ತಿದ್ದರೆ ಕ್ಲೈಂಟ್ ಬದಲಿಸಿ ಪ್ರಯೋಜನ ಇಲ್ಲ. ವಿಎಂಗೆ ಯುಎಸ್‌ಬಿ ಟ್ಯಾಬ್ಲೆಟ್ ಅನ್ನುವ ಸಾಧನ ಸೇರಿಸಿ, ಸರಿಹೋಗುತ್ತದೆ.

ಕನ್ನಡ ಟೈಪ್ ಮಾಡುವವರಿಗೆ ಇಲ್ಲೊಂದು ಸಿಕ್ಕು ಇದೆ. ಮೂಲ ವಿಎನ್‌ಸಿ 'ಯಾವ ಅಕ್ಷರ' ಅಂತ ಕಳಿಸುತ್ತದೆ, ಆರ್‌ಡಿಪಿ ಸಾಮಾನ್ಯವಾಗಿ 'ಯಾವ ಕೀ' ಅಂತ ಕಳಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಲೇಔಟ್ ಆನ್ ಇಟ್ಟು ವಿಎನ್‌ಸಿ ಕನ್ಸೋಲ್‌ನಲ್ಲಿ 'ಕ' ಒತ್ತಿದರೆ, ಅದು ಕ್ಯೂಇಎಂಯುಗೆ ಅರ್ಥವಾಗದೆ ಏನೂ ಬರದಿರಬಹುದು. ಹೊಸ ಕ್ಲೈಂಟ್‌ಗಳು ಕೀ ಸಂಖ್ಯೆಯನ್ನೂ ಜೊತೆಗೆ ಕಳಿಸುತ್ತವೆ. ಆದರೂ ಸುರಕ್ಷಿತ ದಾರಿ ಒಂದೇ: ನಿಮ್ಮ ಕಡೆ ಇಂಗ್ಲಿಷ್ ಲೇಔಟ್ ಇಡಿ, ಕನ್ನಡ ಲೇಔಟನ್ನು ಗೆಸ್ಟ್ ಒಳಗೇ ಹಾಕಿ. ಇನ್‌ಸ್ಕ್ರಿಪ್ಟ್ ಆಗಲಿ, ಕಗಪ ಆಗಲಿ, ಲಿನಕ್ಸ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಎರಡೂ ಇವೆ.

ಕಾಪಿ-ಪೇಸ್ಟ್ ಇನ್ನೂ ಕಷ್ಟ. ವಿಎನ್‌ಸಿಯ ಮೂಲ ನಿಯಮದಲ್ಲಿ ಕ್ಲಿಪ್‌ಬೋರ್ಡ್‌ಗೆ ಲ್ಯಾಟಿನ್-1 ಅಕ್ಷರಗಳು ಮಾತ್ರ. ಕನ್ನಡ ಪೇಸ್ಟ್ ಮಾಡಿದರೆ ಸಾಲುಗಟ್ಟಿ ಪ್ರಶ್ನಾರ್ಥಕ ಚಿಹ್ನೆ ಬರಬಹುದು. ಟೈಗರ್‌ವಿಎನ್‌ಸಿ, ನೋವಿಎನ್‌ಸಿಗಳ ಹೊಸ ಆವೃತ್ತಿಗಳು ಯುನಿಕೋಡ್ ಕ್ಲಿಪ್‌ಬೋರ್ಡ್ ಬಲ್ಲವು, ಆದರೆ ಆ ಕಡೆಯ ಸರ್ವರ್ ಕೂಡ ಬಲ್ಲದ್ದಾಗಿರಬೇಕು. ಕನ್ನಡ ಪಠ್ಯ ಆಚೀಚೆ ಸಾಗಿಸುವ ಕೆಲಸ ಜಾಸ್ತಿ ಇದ್ದರೆ ಸ್ಪೈಸ್ ಏಜೆಂಟ್ ಅಥವಾ ಆರ್‌ಡಿಪಿ ಆರಿಸಿ.

ಹೊರಗಿನಿಂದ ಬರುವಾಗ

5900, 3389, 2179 ಯಾವುದನ್ನೂ ನೇರವಾಗಿ ಇಂಟರ್ನೆಟ್‌ಗೆ ತೆರೆಯಬೇಡಿ. ಆರ್‌ಡಿಪಿಯಲ್ಲಿ 2019ರಲ್ಲಿ ಸಿಕ್ಕ ಬ್ಲೂಕೀಪ್ ದೋಷಕ್ಕೆ ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. ಮೂಲ ವಿಎನ್‌ಸಿಯಲ್ಲಂತೂ ಎನ್‌ಕ್ರಿಪ್ಷನ್ನೇ ಇಲ್ಲ. ಎಸ್‌ಎಸ್‌ಎಚ್ ಟನಲ್ ಅಥವಾ ವೈರ್‌ಗಾರ್ಡ್‌ನಂಥ ವಿಪಿಎನ್ ಒಳಗಿಂದ ಬನ್ನಿ.

ಊರಿಗೆ ಹೋದಾಗ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಎರಡು ಕಡ್ಡಿ ಸಿಗ್ನಲ್ ಇರುವಾಗ ಸರ್ವರ್ ಬಿದ್ದರೆ? ವಿಎನ್‌ಸಿಯಲ್ಲಿ ಬಣ್ಣದ ಗುಣಮಟ್ಟ ಇಳಿಸಿದರೆ ಸ್ವಲ್ಪ ಉಸಿರಾಡಬಹುದು. ಆದರೆ ಅಂಥ ಹೊತ್ತಿನಲ್ಲಿ ಸೀರಿಯಲ್ ಕನ್ಸೋಲ್‌ಗೆ ಸಾಟಿ ಇಲ್ಲ. ಚಿತ್ರವಿಲ್ಲ, ಬರೀ ಅಕ್ಷರ. ಕನ್ನಡ ಹೆಸರಿನ ಫೈಲುಗಳು ಲಿನಕ್ಸ್‌ನ ಗ್ರಾಫಿಕ್ ಕನ್ಸೋಲ್‌ನಲ್ಲಿ ಚೌಕಗಳಾಗಿ ಕಾಣುತ್ತವೆ, ಯಾಕೆಂದರೆ ಆ ಪರದೆಯ ಫಾಂಟ್‌ನಲ್ಲಿ 512ಕ್ಕಿಂತ ಹೆಚ್ಚು ಚಿಹ್ನೆ ಹಿಡಿಯುವುದಿಲ್ಲ. ಸೀರಿಯಲ್‌ನಲ್ಲಿ ಅಕ್ಷರ ಬಿಡಿಸುವುದು ನಿಮ್ಮ ಕಡೆಯ ಟರ್ಮಿನಲ್. ಅದಕ್ಕೆ ಕನ್ನಡ ಬಂದರೆ ಫೈಲ್ ಹೆಸರೂ ಓದಲು ಬರುತ್ತದೆ.

ಇದಕ್ಕೆ ವಿಎಂಗೆ ಒಂದು ಸೀರಿಯಲ್ ಪೋರ್ಟ್ ಸೇರಿಸಿ, ಗೆಸ್ಟ್‌ನ ಕರ್ನಲ್ ಸಾಲಿನಲ್ಲಿ ಟಿಟಿವೈಎಸ್0 (ಮೊದಲ ಸೀರಿಯಲ್ ಪೋರ್ಟ್) ಅನ್ನು ಕನ್ಸೋಲ್ ಅಂತ ಹೇಳಿ, ಆ ಪೋರ್ಟ್‌ನಲ್ಲಿ ಲಾಗಿನ್ ಕೇಳುವ ಸರ್ವಿಸ್ ಆನ್ ಮಾಡಿ. ಆಮೇಲೆ ಲಿಬ್‌ವರ್ಟ್‌ನಲ್ಲಿ ವರ್ಶ್ ಕನ್ಸೋಲ್, ಪ್ರಾಕ್ಸ್‌ಮಾಕ್ಸ್‌ನಲ್ಲಿ ಕ್ಯೂಎಂ ಟರ್ಮಿನಲ್ ಅನ್ನುವ ಕಮಾಂಡ್ ಕೊಡಿ. ವರ್ಶ್‌ನಿಂದ ಹೊರಬರಲು ಕಂಟ್ರೋಲ್ ಜೊತೆ ಬಲಗಡೆಯ ಚೌಕ ಆವರಣ ಒತ್ತಬೇಕು, ಕ್ಯೂಎಂನಲ್ಲಿ ಕಂಟ್ರೋಲ್-ಓ. ಕಂಟ್ರೋಲ್-ಸಿ ಎಷ್ಟು ಒತ್ತಿದರೂ ಅದು ವಿಎಂಗೇ ಹೋಗುತ್ತದೆ. ಹೊರಬರುವ ಮುಂಚೆ ಲಾಗೌಟ್ ಮಾಡಿ. ಕಿಟಕಿ ಮುಚ್ಚಿದರೆ ಕನೆಕ್ಷನ್ ಹೋಗುತ್ತದೆಯೇ ಹೊರತು ಲಾಗಿನ್ ಹಾಗೇ ಇರುತ್ತದೆ. ಮುಂದೆ ಆ ಕನ್ಸೋಲ್ ತೆರೆದವರ ಕೈಗೆ ನಿಮ್ಮ ರೂಟ್ ಪ್ರಾಂಪ್ಟ್ ಸಿಗುತ್ತದೆ.